ಚಿಪ್ಸ್ ರಾಫರ್ಟಿ: ಸಿನಿಮಾ ಉದ್ಯಮವೇ ಇಲ್ಲದ ದೇಶದ ಹೀರೋ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆ ಕಾಲದ ಆಸ್ಟ್ರೇಲಿಯಾದ ಸಿನಿಮಾ ನಟ ಅಂದರೆ ಬಹಳ ಜನ ಎರಾಲ್ ಫ್ಲಿನ್ ಹೆಸರು ಹೇಳುತ್ತಾರೆ. ಅವರು ಟಾಸ್ಮೇನಿಯಾದಲ್ಲಿ ಹುಟ್ಟಿದ್ದು ನಿಜ. ಆದರೆ ಹಾಲಿವುಡ್‌ಗೆ ಹೋಗಿ ಕತ್ತಿ ಹಿಡಿದ ಮೇಲೆ ಆಸ್ಟ್ರೇಲಿಯಾ ಎಲ್ಲಿ ಹೋಯಿತೋ! ಇವತ್ತು ನಾನು ಮಾತಾಡುವುದು ಚಿಪ್ಸ್ ರಾಫರ್ಟಿ ಬಗ್ಗೆ. ಇವರು ಹೊರಗಿನ ಸಿನಿಮಾಗಳಲ್ಲೂ ನಟಿಸಿದರು, ಆದರೆ ಮನೆ ಮಾಡಿಕೊಂಡಿದ್ದು ತಮ್ಮ ದೇಶದಲ್ಲೇ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಜಾನ್ ವಿಲಿಯಂ ಗಾಫೇಜ್. ಹುಟ್ಟಿದ್ದು 1909ರಲ್ಲಿ, ನ್ಯೂ ಸೌತ್ ವೇಲ್ಸ್ ರಾಜ್ಯದ ಬ್ರೋಕನ್ ಹಿಲ್ ಎಂಬ ಗಣಿ ಊರಲ್ಲಿ. ಕುರಿಗಳ ಉಣ್ಣೆ ಕತ್ತರಿಸಿದರು, ಓಪಲ್ ಕಲ್ಲಿಗಾಗಿ ನೆಲ ಅಗೆದರು, ದನದ ಹಿಂಡು ಹೊಡೆದರು. ಆರಡಿ ಮೀರಿದ ಎತ್ತರ, ಒಣಕಲು ಮೈ, ಅವಸರವೇ ಇಲ್ಲದ ಮಾತು. ನಟನೆಯ ಶಾಲೆಗೆ ಹೋದವರಲ್ಲ.

ದೊಡ್ಡ ಹೆಸರು ಬಂದಿದ್ದು 1940ರ ‘ಫಾರ್ಟಿ ಥೌಸಂಡ್ ಹಾರ್ಸ್‌ಮೆನ್’ ಚಿತ್ರದಿಂದ. ನಿರ್ದೇಶಕ ಚಾರ್ಲ್ಸ್ ಶೊವೆಲ್. ಮೊದಲ ಮಹಾಯುದ್ಧದಲ್ಲಿ, 1917ರ ಅಕ್ಟೋಬರ್ 31ರಂದು, ಆಸ್ಟ್ರೇಲಿಯಾದ ಕುದುರೆ ಸವಾರರು ಪ್ಯಾಲೆಸ್ತೀನಿನ ಬೀರ್‌ಶೆಬಾ ಮೇಲೆ ನುಗ್ಗಿದ ಕಥೆ. ಆ ಮರುಭೂಮಿಯನ್ನು ಸಿಡ್ನಿ ಪಕ್ಕದ ಕ್ರೋನಲ್ಲಾ ಮರಳು ದಿಬ್ಬಗಳಲ್ಲಿ ಸೃಷ್ಟಿಸಿದರು. ಸುಮ್ನೆ ಒಂದು ಮಾತು ಸೇರಿಸುತ್ತೇನೆ: ಅದೇ ಪ್ಯಾಲೆಸ್ತೀನ್ ರಣರಂಗದಲ್ಲಿ ಮರುವರ್ಷ ಸೆಪ್ಟೆಂಬರಿನಲ್ಲಿ ಹೈಫಾ ಪಟ್ಟಣ ಗೆದ್ದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ಆ ಕಡೆ ಹೋದಾಗ ನೋಡಿ.

ಆದರೆ ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಚಿತ್ರ 1946ರ ‘ದಿ ಓವರ್‌ಲ್ಯಾಂಡರ್ಸ್’. ಕಥೆ ನಡೆಯುವುದು 1942ರಲ್ಲಿ. ಜಪಾನ್ ಸೇನೆ ಉತ್ತರದಿಂದ ಬಂದೇ ಬಿಡುತ್ತದೆ ಅನ್ನುವ ಭಯ, ಬಂದವರಿಗೆ ಒಂದು ತುತ್ತೂ ಸಿಗಬಾರದು ಎಂದು ಜನ ಎಲ್ಲಾ ಸುಟ್ಟು ಹೊರಡುತ್ತಿದ್ದಾರೆ, ದನಗಳನ್ನೂ ಗುಂಡಿಟ್ಟು ಕೊಲ್ಲಬೇಕು ಅನ್ನುವ ಮಾತು ಬರುತ್ತದೆ. ಆಗ ರಾಫರ್ಟಿ ಪಾತ್ರ ಡ್ಯಾನ್ ಮೆಕಾಲ್ಪಿನ್ ಕೊಲ್ಲುವುದಿಲ್ಲ, ಹೊಡೆದುಕೊಂಡು ಹೋಗುತ್ತೇನೆ ಎಂದು ಸಾವಿರ ದನಗಳನ್ನು ಕಟ್ಟಿಕೊಂಡು ಖಂಡವನ್ನೇ ಅಡ್ಡ ದಾಟಲು ಹೊರಡುತ್ತಾನೆ. ಇದಿಷ್ಟೇ ಕಥೆ. ಖಳನಾಯಕ ಇಲ್ಲ. ಧೂಳು, ಬಾಯಾರಿಕೆ, ಮೊಸಳೆ ಇರುವ ನದಿ, ಬೆದರಿ ಓಡುವ ಹಿಂಡು, ಇವೇ ಎದುರಾಳಿ. ರಾಫರ್ಟಿ ಇಲ್ಲಿ ನಟಿಸುತ್ತಿದ್ದಾರೆ ಅಂತಲೇ ಅನ್ನಿಸುವುದಿಲ್ಲ. ಕುದುರೆ ಮೇಲೆ ಕೂತ ರೀತಿ ನೋಡಿದರೆ ಸಾಕು, ಈ ಮನುಷ್ಯ ಈ ಕೆಲಸ ಮಾಡಿದವನು ಅಂತ ಗೊತ್ತಾಗುತ್ತದೆ.

ಗಮನಿಸಿ, ಇಷ್ಟು ಆಸ್ಟ್ರೇಲಿಯಾದ್ದೇ ಆದ ಚಿತ್ರವನ್ನು ಮಾಡಿದ್ದು ಲಂಡನ್ನಿನ ಈಲಿಂಗ್ ಸ್ಟುಡಿಯೋ. ನಿರ್ದೇಶಕ ಹ್ಯಾರಿ ವಾಟ್ ಬ್ರಿಟನ್ನಿನವರು. ಹಣ ಹೊರಗಿನದು, ನೆಲ ಮತ್ತು ಮುಖ ಆಸ್ಟ್ರೇಲಿಯಾದ್ದು. 1952ರಲ್ಲಿ ಹಾಲಿವುಡ್‌ನವರು ಬಂದು ‘ಕಾಂಗರೂ’ ಅಂತ ಬಣ್ಣದ ಚಿತ್ರ ತೆಗೆದಾಗ ಮುಖ್ಯ ಪಾತ್ರಗಳು ಮೌರೀನ್ ಒ’ಹಾರಾ ಮತ್ತು ಪೀಟರ್ ಲಾಫರ್ಡ್‌ಗೆ ಹೋದವು. ರಾಫರ್ಟಿಗೆ ಸಿಕ್ಕಿದ್ದು ಪೊಲೀಸ್ ಪಾತ್ರ. ತಮ್ಮ ಮನೆಯಲ್ಲೇ ಅತಿಥಿ ಆದಂತೆ, ಅಲ್ವಾ?

ಇದು ಅವರಿಗೂ ಸಾಕಾಗಿತ್ತು. ನಿರ್ದೇಶಕ ಲೀ ರಾಬಿನ್ಸನ್ ಜೊತೆ ಸೇರಿ ತಾವೇ ಸಿನಿಮಾ ಮಾಡಲು ಇಳಿದರು. ಆಗ ಸರ್ಕಾರದ ಬಂಡವಾಳ ನಿಯಮ ಎಷ್ಟು ಬಿಗಿ ಅಂದರೆ ದೊಡ್ಡ ಮೊತ್ತ ಕೂಡಿಸುವುದೇ ಕಷ್ಟ. ಹಾಗಾಗಿ ಕಡಿಮೆ ಖರ್ಚಿನ ಸಾಹಸ ಚಿತ್ರಗಳು. ‘ದಿ ಫ್ಯಾಂಟಮ್ ಸ್ಟಾಕ್‌ಮನ್’ನಲ್ಲಿ ಆದಿವಾಸಿ ಚಿತ್ರಕಲಾವಿದ ಆಲ್ಬರ್ಟ್ ನಮಾಟ್‌ಜಿರಾ ತಾವಾಗಿಯೇ ಬಂದು ಹೋಗುತ್ತಾರೆ. 1954ರ ‘ಕಿಂಗ್ ಆಫ್ ದಿ ಕೋರಲ್ ಸೀ’ ಟಾರಸ್ ಜಲಸಂಧಿಯ ಮುತ್ತು ತೆಗೆಯುವವರ ನಡುವೆ ತೆಗೆದದ್ದು, ಮುಂದೆ ಹಾಲಿವುಡ್‌ನಲ್ಲಿ ಮಿಂಚಿದ ರಾಡ್ ಟೇಲರ್ ಇದರಲ್ಲಿದ್ದಾರೆ. ಪಪುವಾ ನ್ಯೂ ಗಿನಿಯಲ್ಲಿ ಫ್ರೆಂಚರ ಜೊತೆ ಸೇರಿ ಮಾಡಿದ ‘ವಾಕ್ ಇನ್‌ಟು ಪ್ಯಾರಡೈಸ್’ ಕೂಡ ಓಡಿತು. ನಿಜ ಹೇಳಬೇಕೆಂದರೆ ಇವು ದೊಡ್ಡ ಚಿತ್ರಗಳಲ್ಲ, ಕಥೆ ತೆಳು. ಆದರೆ ಆ ಹೊತ್ತಿಗೆ ದೇಶದಲ್ಲಿ ಬೇರೆ ಯಾರು ಸಿನಿಮಾ ಮಾಡುತ್ತಿದ್ದರು, ಬೆರಳೆಣಿಕೆಯ ಜನ. ಐವತ್ತರ ದಶಕದ ಕೊನೆಗೆ ಚಿತ್ರಗಳು ಸೋತವು, ಕಂಪನಿ ಮುಳುಗಿತು, ಹಣ ಹೋಯಿತು.

ಆಮೇಲೆ ಮತ್ತೆ ಸಣ್ಣ ಪಾತ್ರಗಳು. ‘ದಿ ಸನ್‌ಡೌನರ್ಸ್’ನಲ್ಲಿ ರಾಬರ್ಟ್ ಮಿಚಮ್ ಜೊತೆ, ‘ಮ್ಯೂಟಿನಿ ಆನ್ ದಿ ಬೌಂಟಿ’ಯಲ್ಲಿ ಮಾರ್ಲನ್ ಬ್ರಾಂಡೋ ಜೊತೆ. ಎಲ್ವಿಸ್ ಪ್ರೆಸ್ಲಿ ಚಿತ್ರ ಒಂದರಲ್ಲೂ ಇದ್ದಾರೆ, ಅದನ್ನು ಬಿಟ್ಟರೆ ನಷ್ಟ ಇಲ್ಲ.

ಕೊನೆಯ ಚಿತ್ರ ಮಾತ್ರ ಬಿಡಬೇಡಿ. 1971ರ ‘ವೇಕ್ ಇನ್ ಫ್ರೈಟ್’. ಒಬ್ಬ ಮೇಷ್ಟರು ಗಣಿ ಊರಲ್ಲಿ ಜೂಜಾಡಿ ದುಡ್ಡು ಕಳೆದುಕೊಂಡು ಸಿಕ್ಕಿಹಾಕಿಕೊಳ್ಳುತ್ತಾನೆ. ಅವನಿಗೆ ಮೊದಲ ಬಿಯರ್ ಕುಡಿಸುವುದು ಊರಿನ ಪೊಲೀಸ್ ಜಾಕ್ ಕ್ರಾಫರ್ಡ್, ಅಂದರೆ ರಾಫರ್ಟಿ. ಚಿತ್ರೀಕರಣ ನಡೆದದ್ದು ಅವರು ಹುಟ್ಟಿದ ಬ್ರೋಕನ್ ಹಿಲ್‌ನಲ್ಲೇ. ಮೂವತ್ತು ವರ್ಷ ತೆರೆಯ ಮೇಲೆ ಪ್ರೀತಿಯಿಂದ ನೋಡಿದ ಅದೇ ಮುಗುಳುನಗೆ, ಅದೇ ‘ಕುಡಿಯಪ್ಪಾ’ ಅನ್ನುವ ಸಲಿಗೆ ಇಲ್ಲಿ ಹೆದರಿಕೆ ಹುಟ್ಟಿಸುತ್ತದೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಲೋಟ ತುಂಬಿಸುತ್ತಲೇ ಇರುತ್ತಾನೆ. ತಮ್ಮನ್ನು ಹೀರೋ ಮಾಡಿದ ಆ ಸ್ವಭಾವವನ್ನೇ ಹೀಗೆ ತಿರುಗಿಸಿ ತೋರಿಸಲು ಧೈರ್ಯ ಬೇಕು.

ಆ ಚಿತ್ರ ಆಸ್ಟ್ರೇಲಿಯಾದ ಥಿಯೇಟರುಗಳಿಗೆ ಬರುವ ಮೊದಲೇ, 1971ರ ಮೇ ತಿಂಗಳಲ್ಲಿ, ಸಿಡ್ನಿಯಲ್ಲಿ ಹೃದಯಾಘಾತದಿಂದ ರಾಫರ್ಟಿ ತೀರಿಕೊಂಡರು. ಚಿತ್ರದ ಮೂಲ ನೆಗೆಟಿವ್ ಕೂಡ ವರ್ಷಗಟ್ಟಲೆ ಸಿಗಲಿಲ್ಲ. ಸಂಕಲನಕಾರ ಆಂಟನಿ ಬಕ್ಲಿ ಬೆನ್ನುಬಿಡದೆ ಹುಡುಕಿ, ಕೊನೆಗೆ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ನಾಶ ಮಾಡಲು ಎತ್ತಿಟ್ಟಿದ್ದ ಡಬ್ಬಗಳಲ್ಲಿ ಅದನ್ನು ಪತ್ತೆ ಮಾಡಿದರು. ಸರಿಪಡಿಸಿದ ಪ್ರತಿ 2009ರಲ್ಲಿ ಮತ್ತೆ ತೆರೆಗೆ ಬಂತು.

ನೋಡುವುದಾದರೆ ‘ಓವರ್‌ಲ್ಯಾಂಡರ್ಸ್’ನಿಂದ ಶುರು ಮಾಡಿ. ಅದನ್ನು ಮಕ್ಕಳನ್ನು ಕೂರಿಸಿಕೊಂಡು ನೋಡಬಹುದು. ‘ವೇಕ್ ಇನ್ ಫ್ರೈಟ್’ ಅನ್ನು ಮಕ್ಕಳು ಮಲಗಿದ ಮೇಲೆ ಹಾಕಿ, ಅದರಲ್ಲಿನ ಕಾಂಗರೂ ಬೇಟೆಯ ದೃಶ್ಯ ದೊಡ್ಡವರಿಗೇ ಕಷ್ಟ. ನಮಸ್ಕಾರ.