ಬರೆಸಿದವರು ಯಾರು, ಕೇಳಿದವರು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆ ಕಲಿಯೋಣ ಎಂದು ಹೊರಟವರ ಕೈಗೆ ಮೊದಲು ಸಿಗುವುದು ಒಂದು ಪಟ್ಟಿ. ಬರೋಕ್, ಕ್ಲಾಸಿಕಲ್, ರೊಮ್ಯಾಂಟಿಕ್ ಎಂಬ ಕಾಲಘಟ್ಟಗಳು. ಅವುಗಳ ಕೆಳಗೆ ಸಾಲು ಸಾಲು ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಎಲ್ಲ ಬಾಯಿಪಾಠ ಮಾಡಿದರೂ ಕಿವಿಗೆ ಏನೂ ದಕ್ಕಿರುವುದಿಲ್ಲ. ಆ ಪಟ್ಟಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಒಂದು ಕೃತಿ ಹಿಡಿಯಿರಿ. ಅದನ್ನು ಬರೆಸಿದವರು ಯಾರು, ದುಡ್ಡು ಕೊಟ್ಟವರು ಯಾರು, ಎದುರಿಗೆ ಕೂತು ಕೇಳಿದವರು ಯಾರು ಎಂದು ವಿಚಾರಿಸುತ್ತ ಹೋಗಿ. ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ ಆಸ್ಟ್ರಿಯಾದ ಸಂಗೀತಗಾರ ಯೋಸೆಫ್ ಹೈಡನ್‌ನ 45ನೇ ಸಿಂಫನಿಯಿಂದ ಶುರು ಮಾಡಿ ಎನ್ನುತ್ತೇನೆ. ಸಿಂಫನಿ ಅಂದರೆ ಇಡೀ ವಾದ್ಯವೃಂದ ನುಡಿಸುವ, ಹಲವು ಭಾಗಗಳ ದೊಡ್ಡ ಕೃತಿ. ಇದನ್ನು ಬರೆದದ್ದು 1772ರಲ್ಲಿ. 'ಫೇರ್‌ವೆಲ್' (ವಿದಾಯ) ಸಿಂಫನಿ ಎಂದೇ ಇದು ಪ್ರಸಿದ್ಧ. ಹೈಡನ್ ಆಗ ಎಸ್ಟರ್‌ಹಾಜಿ ಮನೆತನದ ದೊರೆ ನಿಕೋಲಾಸ್‌ನ ಆಸ್ಥಾನದಲ್ಲಿದ್ದ. ಹಂಗೆರಿಯ ಬೇಸಿಗೆ ಅರಮನೆ ದೊರೆಗೆ ಬಹಳ ಇಷ್ಟ. ಆ ವರ್ಷ ಅವನು ಅಲ್ಲಿಂದ ಹೊರಡುವ ಮಾತೇ ಎತ್ತಲಿಲ್ಲ. ವಾದ್ಯಗಾರರಲ್ಲಿ ಹೆಚ್ಚಿನವರ ಹೆಂಡತಿ ಮಕ್ಕಳು ದೂರದ ಐಸೆನ್‌ಷ್ಟಾಟ್ ಊರಿನಲ್ಲಿ. ದೊರೆಯ ಮುಂದೆ ನಿಂತು ರಜಾ ಕೇಳುವವರು ಯಾರು? ಹೈಡನ್ ಸಂಗೀತದಲ್ಲೇ ಕೇಳಿದ.

ಕೊನೆಯ ಭಾಗವನ್ನು ಗಮನವಿಟ್ಟು ಕೇಳಿ. ರಭಸದಿಂದ ಸಾಗುತ್ತಿದ್ದ ಸಂಗೀತ ಇನ್ನೇನು ಮುಗಿಯಿತು ಅನ್ನುವಾಗ ಥಟ್ಟನೆ ನಿಂತು, ನಿಧಾನವಾದ ಬೇರೊಂದು ರಾಗ ಎತ್ತಿಕೊಳ್ಳುತ್ತದೆ. ಒಂದು ಓಬೊ, ಒಂದು ಹಾರ್ನ್ ಎಂಬ ಊದುವ ವಾದ್ಯಗಳು ತಮ್ಮ ಪಾಲಿನದನ್ನು ನುಡಿಸಿ ಸುಮ್ಮನಾಗುತ್ತವೆ. ನುಡಿಸಿದವರು ಮೇಣದ ಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಆಮೇಲೆ ಬಸೂನ್ ಎಂಬ ಇನ್ನೊಂದು ಊದುವ ವಾದ್ಯ. ಮುಂದೆ, ಯಾವಾಗಲೂ ಹಿಂದೆಯೇ ಉಳಿಯುವ, ತಗ್ಗು ದನಿಯ ದೊಡ್ಡ ತಂತಿವಾದ್ಯ ಡಬಲ್ ಬಾಸ್‌ಗೂ ಒಂದು ಚಂದದ ಸರದಿ ಸಿಗುತ್ತದೆ. ಹೀಗೆ ಒಬ್ಬೊಬ್ಬರೇ ಎದ್ದು, ಕೊನೆಗೆ ಉಳಿಯುವುದು ಎರಡು ವಯಲಿನ್. ಮರುದಿನವೇ ಆಸ್ಥಾನ ಊರಿಗೆ ಹೊರಟಿತು ಎಂದು ಹೇಳುತ್ತಾರೆ.

ಇಷ್ಟು ದೊಡ್ಡ ಸಂಗೀತಗಾರ ಇಷ್ಟು ಉಪಾಯದಿಂದ ಯಾಕೆ ಕೇಳಬೇಕಿತ್ತು? ಉತ್ತರ ಅವನ 1761ರ ಕರಾರಿನಲ್ಲಿದೆ. ಸಮವಸ್ತ್ರ ಹಾಕಬೇಕು, ಬಿಳಿ ಕಾಲುಚೀಲ ತೊಡಬೇಕು. ದಿನಕ್ಕೆರಡು ಸಲ ಹೊರಕೋಣೆಯಲ್ಲಿ ಕಾದು, ಇವತ್ತು ಸಂಗೀತ ಬೇಕೋ ಬೇಡವೋ ಎಂದು ತಿಳಿದುಕೊಳ್ಳಬೇಕು. ಬರೆದದ್ದೆಲ್ಲ ದೊರೆಯ ಸೊತ್ತು. ಅಪ್ಪಣೆ ಇಲ್ಲದೆ ಬೇರೆಯವರಿಗೆ ಬರೆಯುವ ಹಾಗಿಲ್ಲ.

ಇಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗಿ. 1723ರಲ್ಲಿ ಜರ್ಮನ್ ಸಂಗೀತಗಾರ ಬಾಖ್ ಲೈಪ್ಜಿಗ್‌ಗೆ ಕೆಲಸಕ್ಕೆ ಸೇರಿದ. ಸಂಬಳ ಊರಿನವರದು, ಕೇಳುವವರು ಚರ್ಚಿಗೆ ಬಂದ ಭಕ್ತರು. ಮೊದಲ ಕೆಲವು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರಕ್ಕೂ ಒಂದು ಹೊಸ ಕ್ಯಾಂಟಾಟಾ, ಅಂದರೆ ವಾದ್ಯಗಳ ಜೊತೆ ಹಾಡುವ ಕೃತಿ, ಬರೆದ. ಸುಮಾರು 200 ನಮಗೆ ಉಳಿದಿವೆ. ಹಾಡಿನ ಮಾತು ಆ ವಾರದ ಬೈಬಲ್ ಪಾಠಕ್ಕೆ ಹೊಂದಬೇಕಿತ್ತು. ಇದು ಗೊತ್ತಿದ್ದರೆ ಬಾಖ್ ಯಾಕೆ ಅಷ್ಟು ಬರೆದ ಅನ್ನುವುದು ಒಗಟಾಗಿ ಉಳಿಯುವುದಿಲ್ಲ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಬಾಖ್ ಮೊದಲು ಗೊಂದಲ ಅನ್ನಿಸಬಹುದು. ಸ್ವರಗಳು ಹೊಸವಲ್ಲ. ಅವರ ಮೇಜರ್ ಸ್ಕೇಲ್ ನಮ್ಮ ಶಂಕರಾಭರಣದ ಸ್ವರಗಳೇ. ತೊಡಕು ಬೇರೆ ಕಡೆ ಇದೆ. ನಮ್ಮಲ್ಲಿ ಹಾಡುವವರು ಒಬ್ಬರು, ಪಕ್ಕವಾದ್ಯ ಅವರನ್ನು ಹಿಂಬಾಲಿಸುತ್ತದೆ. ಬಾಖ್‌ನಲ್ಲಿ ಮೂರು ನಾಲ್ಕು ಎಳೆಗಳು ಒಟ್ಟಿಗೆ, ಒಂದೊಂದೂ ತನ್ನದೇ ದಾರಿಯಲ್ಲಿ ನಡೆಯುತ್ತವೆ. ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೋಗಬೇಡಿ. ಒಂದು ಸಲ ಬರೀ ಕೆಳಗಿನ ದನಿಯನ್ನು ಹಿಡಿದು ಕೇಳಿ. ಇನ್ನೊಂದು ಸಲ ಮೇಲಿನದು. ನಿಜವಾಗಿಯೂ ಕಿವಿ ತೆರೆದುಕೊಳ್ಳುತ್ತದೆ.

ಇನ್ನು ಮುಂದಕ್ಕೆ ಬನ್ನಿ. 1808ರ ಡಿಸೆಂಬರ್ 22, ವಿಯೆನ್ನಾದ ಒಂದು ನಾಟಕಶಾಲೆ. ಬೀಥೋವನ್ ತಾನೇ ಕಛೇರಿ ಏರ್ಪಡಿಸಿದ್ದ, ಟಿಕೆಟ್ ಮಾರಿದ ದುಡ್ಡು ಅವನಿಗೆ. ಐದನೇ ಮತ್ತು ಆರನೇ ಸಿಂಫನಿಗಳನ್ನು ಊರು ಮೊದಲ ಬಾರಿ ಕೇಳಿದ್ದು ಆ ರಾತ್ರಿ. ಅದರ ಜೊತೆಗೆ ನಾಲ್ಕನೇ ಪಿಯಾನೊ ಕನ್ಸರ್ಟೊ, ಅಂದರೆ ಪಿಯಾನೊ ಮುಂದಾಗಿ ವಾದ್ಯವೃಂದ ಜೊತೆಗೂಡುವ ಕೃತಿ. ಸುಮಾರು ನಾಲ್ಕು ಗಂಟೆ, ಕೊರೆಯುವ ಚಳಿ, ತಾಲೀಮು ಸಾಲದು. ಕೊನೆಯ ಕೃತಿ ನಡುವೆ ದಾರಿತಪ್ಪಿ, ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು. ಹೈಡನ್ ಸಿಂಫನಿಯ ಅರಮನೆಯ ಊಳಿಗದಿಂದ ಇಲ್ಲಿಗೆ ಬರಲು 36 ವರ್ಷ ಸಾಕಾಯಿತು ನೋಡಿ. ಐದನೇ ಸಿಂಫನಿಯ ಆ ಮೊದಲ ನಾಲ್ಕು ಸ್ವರಗಳು ಯಾರ ಅಪ್ಪಣೆಗೂ ಕಾದಂತೆ ಕೇಳಿಸುವುದಿಲ್ಲ, ಅಲ್ವಾ?

ಹಾಗಂತ ದೊರೆಗಳ ಆಶ್ರಯ ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಮರುವರ್ಷವೇ ಮೂವರು ಸಿರಿವಂತರು ಸೇರಿ ಬೀಥೋವನ್‌ಗೆ ವರ್ಷಾಶನ ಗೊತ್ತು ಮಾಡಿದರು. ಆ ಆಶ್ರಯದ ಕಥೆ 20ನೇ ಶತಮಾನದಲ್ಲಿ ನಮ್ಮ ಮೈಸೂರಿಗೂ ಬರುತ್ತದೆ. ಜಯಚಾಮರಾಜ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ಪಿಯಾನೊ ಕೂಡ ಚೆನ್ನಾಗಿ ಕಲಿತಿದ್ದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ಕಾಯಿಲೆ, ಕಷ್ಟದಲ್ಲಿ ದಿನ ತಳ್ಳುತ್ತಿದ್ದ. ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಒಡೆಯರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ.

ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ತನ್ನ ಕಡೆಯ ದಿನಗಳಲ್ಲಿ ಬರೆದ ನಾಲ್ಕು ಹಾಡುಗಳಿವೆ. ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವು ಮೊದಲು ಕೇಳಿಬಂದವು. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದ್ದು ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರೂ ನಮ್ಮ ಮಹಾರಾಜರೇ. ಅದನ್ನು ರೆಕಾರ್ಡ್ ಮಾಡಿ ಅವರ ಸಂಗ್ರಹಕ್ಕೆಂದು ಮೈಸೂರಿಗೆ ಕಳಿಸಿದರು.

ಆ ದಿನದ ರೆಕಾರ್ಡಿಂಗ್ ಈಗಲೂ ಸಿಗುತ್ತದೆ. ಗರಗರ ಜಾಸ್ತಿ. ಹಾಗಾಗಿ ಮೊದಲು ಜೆಸ್ಸಿ ನಾರ್ಮನ್ ಹಾಡಿರುವುದನ್ನು ಕೇಳಿ, ನಾಲ್ಕೂ ಹಾಡು ಕಿವಿಗೆ ಪರಿಚಯವಾಗಲಿ. ಆಮೇಲೆ ಫ್ಲಾಗ್‌ಸ್ಟಾಡ್ ಹಾಡಿದ್ದನ್ನು ಹಾಕಿಕೊಳ್ಳಿ. ನಮಸ್ಕಾರ.