ತೆರೆ ಹಿಡಿದು ಕೇಳುವುದು
(ಶಿರಸಿಯಲ್ಲಿ ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಹಿರಿಯರೇ, ಗೆಳೆಯರೇ,

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಜಗುಲಿಯಲ್ಲಿ ನಡೆದ ಒಂದು ಮಾತಿನಿಂದ ಶುರು ಮಾಡುತ್ತೇನೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ, ಪರಿಚಿತರೊಬ್ಬರು ತಂದ ಹೊಸ ಆಂಪ್ಲಿಫೈಯರ್ ಕೇಳಿ, "ಹಳೆಯದಕ್ಕೂ ಇದಕ್ಕೂ ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ" ಎಂದ. ಅವರು ಸಿಟ್ಟಾಗಲಿಲ್ಲ. ಪ್ರೀತಿಯಿಂದಲೇ, "ತಮ್ಮಾ, ನೀನು ಇಲ್ಲಿವರೆಗೆ ಎಷ್ಟು ರೂಪಾಯಿಯ ಸೆಟ್ ಕೇಳಿದ್ದೀಯ? ಐದು ಲಕ್ಷದ್ದೊಂದನ್ನು ಮನೆಯಲ್ಲಿ ಇಟ್ಟುಕೊಂಡು ನಾಲ್ಕು ವರ್ಷ ಕೇಳು. ಆಮೇಲೆ ಮಾತಾಡುವಾ" ಎಂದರು. ಹುಡುಗ ತಲೆ ತಗ್ಗಿಸಿದ. ನಾನೂ ಬಾಯಿ ಬಿಡಲಿಲ್ಲ. ಅವತ್ತು ಆಡಬೇಕಿದ್ದ ಮಾತನ್ನು ಇವತ್ತು ನಿಮ್ಮೆದುರು ಆಡುತ್ತಿದ್ದೇನೆ.

ದುಬಾರಿ ಉಪಕರಣದ ಜೊತೆ ವರ್ಷಗಟ್ಟಲೆ ಬಾಳಿದವನ ಅಭಿಪ್ರಾಯಕ್ಕೆ ಹೆಚ್ಚು ತೂಕ ಇರಬೇಕೇ? ಮೇಲ್ನೋಟಕ್ಕೆ ಹೌದು ಅನ್ನಿಸುತ್ತದೆ. ಅನುಭವಕ್ಕೆ ಬೆಲೆ ಕೊಡುವ ಊರು ನಮ್ಮದು. ಆದರೆ ಯಾವ ಅನುಭವ?

ನಮ್ಮ ಅಡಿಕೆ ವ್ಯಾಪಾರದ ಅಂಗಳವನ್ನೇ ನೋಡಿ. ರಾಶಿಯ ಎದುರು ಕೂತು, ಒಂದು ಹಿಡಿ ಎತ್ತಿ, ನಾಲ್ಕು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಣ್ಣ ನೋಡಿ ದರ ಹೇಳುವವರಿದ್ದಾರೆ. ಚಾಲಿ ಅಡಿಕೆ ಎಷ್ಟು ಒಣಗಿದೆ, ಬೆಟ್ಟೆ ಎಂಬ ದರ್ಜೆಗೆ ಗೊರಬಲು ಎಂಬ ಕೆಳದರ್ಜೆಯದು ಎಷ್ಟು ಬೆರೆತಿದೆ ಎಂಬುದು ಅವರ ಬೆರಳಿಗೇ ಗೊತ್ತು. ಅವರಲ್ಲಿ ಎಷ್ಟೋ ಜನರಿಗೆ ಒಂದು ಎಕರೆ ತೋಟವೂ ಇಲ್ಲ. ಇಪ್ಪತ್ತು ಎಕರೆ ತೋಟದ ಯಜಮಾನರು ಅವರ ಹತ್ತಿರ "ಹ್ಯಾಂಗೆ ಹೋಗ್ಬಹುದು ಭಾವ?" ಎಂದು ಕೇಳಿಕೊಂಡು ಬರುತ್ತಾರೆ. ತೋಟ ಎಷ್ಟು ದೊಡ್ಡದು ಎಂಬುದು ಕಣ್ಣನ್ನು ಪಳಗಿಸಲಿಲ್ಲ. ಹೇಳಿದ ದರ ತಪ್ಪಿದಾಗೆಲ್ಲ ಅದೇ ದಿನ ಸಂಜೆಯೊಳಗೆ ತಪ್ಪಿತೆಂದು ಗೊತ್ತಾಗುತ್ತಿತ್ತಲ್ಲ, ಅದು ಪಳಗಿಸಿತು.

ನನ್ನ ಕಸುಬಿನಲ್ಲೂ ಹೀಗೇ ಆಯಿತು. ಸುಮಾರು ಮೂವತ್ತು ವರ್ಷ ಯಕ್ಷಗಾನದ ಆಟಗಳಿಗೆ ಮೈಕ್‌ಸೆಟ್ ಹಾಕಿದವನು ನಾನು. ಕೊಯ್ಲಾದ ಗದ್ದೆ, ದೇವಸ್ಥಾನದ ಅಂಗಳ, ತಗಡಿನ ಮಾಡಿನ ಶಾಲೆ: ಒಂದೊಂದು ಕಡೆ ಒಂದೊಂದು ದನಿ. ಚಂಡೆಯ ಪೆಟ್ಟು ಭಾಗವತರ ಮೈಕಿಗೆ ನುಗ್ಗಿದರೆ ಪದದ ಸಾಹಿತ್ಯ ಮುಳುಗಿಹೋಗುತ್ತದೆ. ಮದ್ದಲೆಯ ಗುಂಕಿ ಹೆಚ್ಚಾದರೆ ಅರ್ಥಗಾರಿಕೆ ಮಂಕಾಗುತ್ತದೆ. ತಪ್ಪಿದೆ ಎಂದು ನಾನು ಕಂಡುಕೊಳ್ಳುವ ಮೊದಲೇ ಮೈಕು ಕುಯ್ಯೆಂದು ಕೂಗುತ್ತಿತ್ತು, ಇಲ್ಲವೇ ಹಿಂದಿನ ಸಾಲಿನಿಂದ "ಪದ ಕೇಳ್ತಿಲ್ಲೆ!" ಎಂಬ ಬೊಬ್ಬೆ ಬರುತ್ತಿತ್ತು. ಆಗ ನನ್ನ ಬಳಿ ಇದ್ದದ್ದು ತಗಡಿನ ಹಾರನ್ನುಗಳು, ಸಾಧಾರಣ ಆಂಪ್ಲಿಫೈಯರು. ನನ್ನ ಕಿವಿ ಏನಾದರೂ ಕಲಿತಿದ್ದರೆ ಆ ಅಗ್ಗದ ಸಾಮಾನಿನ ಎದುರು, ಆ ಬೊಬ್ಬೆಯಿಂದ.

ಕೈಯಲ್ಲಿ ನಾಲ್ಕು ಕಾಸು ಉಳಿಯುವ ಹೊತ್ತಿಗೆ ಮನೆಗೆ ಒಳ್ಳೆಯ ಸ್ಪೀಕರ್ ತಂದೆ. ಬಹಳ ಸುಖ ಕೊಟ್ಟ ಸ್ಪೀಕರ್ ಅದು, ಈಗಲೂ ಕೊಡುತ್ತಿದೆ. ಆಮೇಲೆ ಹಾವಿನ ಗಾತ್ರದ ಒಂದು ಜೋಡಿ ಸ್ಪೀಕರ್ ತಂತಿ ತಂದೆ. ಜೋಡಿಸಿದ ದಿನ ರಾತ್ರಿ ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಬಿಡಿಬಿಡಿಯಾಗಿ ಕೇಳಿಸಿತು. ತಿಂಗಳುಗಟ್ಟಲೆ ಬಂದವರಿಗೆಲ್ಲ ಹೇಳಿದೆ. ಇಬ್ಬರು ನನ್ನ ಮಾತು ನಂಬಿ ತಾವೂ ಕೊಂಡರು.

ಜಗುಲಿಯ ಆ ಮಾತಾಗಿ ಎರಡು ವಾರಕ್ಕೆ ಅದೇ ಸೋದರಳಿಯ ಬಂದು, "ಮಾವ, ಒಂದು ತೆರೆ ಹಿಡಿಯೋಣವೇ?" ಎಂದ. ಸ್ಪೀಕರಿನ ಹಿಂದೆ ಹಾಸಿಗೆಯ ಹೊದಿಕೆಯೊಂದನ್ನು ಕಟ್ಟಿ, ಅದರಾಚೆ ಒಮ್ಮೆ ನನ್ನ ತಂತಿ, ಒಮ್ಮೆ ಮನೆಯ ವೈರಿಂಗಿಗೆ ತಂದು ಉಳಿದಿದ್ದ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಯಾವುದು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದ. ಹಾಡು ನನ್ನದೇ ಆಯ್ಕೆ, ಸಮಯವೂ ನನಗೆ ಬೇಕಾದಷ್ಟು. ಹತ್ತು ಸಲದಲ್ಲಿ ಐದು ಸಲ ಸರಿ ಹೇಳಿದೆ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಹಣ ಹೋಯಿತೆಂಬ ಸಂಕಟಕ್ಕಿಂತ ದೊಡ್ಡದೊಂದು ಇತ್ತು. ನಾನು ಯಾರಿಗೂ ಸುಳ್ಳು ಹೇಳಿರಲಿಲ್ಲ. ಆ ಬಿಡಿಬಿಡಿ ಜವಾರಿ ನನಗೆ ನಿಜವಾಗಿ ಕೇಳಿಸಿತ್ತು. ಕೇಳುವುದು ಕಿವಿಯೊಂದರ ಕೆಲಸವಲ್ಲ. ಕೊಟ್ಟ ಬೆಲೆ, ತಂತಿಯ ದಪ್ಪ, ಇನ್ನೇನು ಚೆನ್ನಾಗಿ ಕೇಳಲಿದೆ ಎಂಬ ಕಾತರ, ಎಲ್ಲವನ್ನೂ ಸೇರಿಸಿಕೊಂಡೇ ಮಿದುಳು ನಾದವನ್ನು ಕಟ್ಟಿಕೊಡುತ್ತದೆ. ಈ ವಿಷಯದಲ್ಲಿ ಅನುಭವಿಗೆ ವಿನಾಯಿತಿಯೇನೂ ಇಲ್ಲ.

ಮರುದಿನ ಕೂತು ಲೆಕ್ಕ ಹಾಕಿದೆ. ಆ ತಾಮ್ರದ ತಂತಿಯ ರೋಧ, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ, ಮೀಟರಿಗೆ ಸುಮಾರು 7 ಮಿಲಿಓಮ್. ಐದು ಮೀಟರ್ ದೂರಕ್ಕೆ ಹೋಗಿ ಬರುವ ದಾರಿ ಹತ್ತು ಮೀಟರ್, ಅಂದರೆ 0.07 ಓಮ್. ಎದುರಿಗಿರುವುದು 8 ಓಮಿನ ಸ್ಪೀಕರು. ಕಳೆದುಹೋಗುವ ಮಟ್ಟ 0.1 ಡೆಸಿಬೆಲ್ಲಿಗಿಂತಲೂ (ಶಬ್ದದ ಮಟ್ಟವನ್ನು ಅಳೆಯುವ ಮಾನ) ಕಡಿಮೆ. ದುಬಾರಿ ತಂತಿಗೆ ಸುಧಾರಿಸಲು ಉಳಿದದ್ದೇ ಇಷ್ಟು.

ಇದು ನನ್ನೊಬ್ಬನ ಕಿವಿಯ ಕಥೆ ಎಂದು ನೀವು ಹೇಳಬಹುದು. ಹಾಗಾಗಿ ದೊಡ್ಡ ಪ್ರಮಾಣದಲ್ಲಿ ನಡೆದ ಕೆಲಸವನ್ನು ನೋಡೋಣ. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೊ ಇಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ ಒಂದು ವರದಿ ಪ್ರಕಟಿಸಿದರು. ಸಿಡಿಗಿಂತ ಹೆಚ್ಚು ಸೂಕ್ಷ್ಮ ಎನ್ನಲಾದ ಧ್ವನಿಮುದ್ರಣಗಳನ್ನು ಒಮ್ಮೆ ನೇರವಾಗಿ, ಒಮ್ಮೆ ಸಾಧಾರಣ ಸಿಡಿಯ 16 ಬಿಟ್, 44.1 ಕಿಲೊಹರ್ಟ್ಜ್ ಮಟ್ಟಕ್ಕೆ ಇಳಿಸಿ ಕೇಳಿಸಿದರು. ಕೇಳಿದವರಲ್ಲಿ ಧ್ವನಿಮುದ್ರಣದ ಕಸುಬಿನವರಿದ್ದರು, ದುಬಾರಿ ಸೆಟ್ಟಿನ ಹವ್ಯಾಸಿಗಳಿದ್ದರು, ವಿದ್ಯಾರ್ಥಿಗಳೂ ಇದ್ದರು. 554 ಪ್ರಯತ್ನಗಳಲ್ಲಿ 276 ಸರಿ. ಅರ್ಧಕ್ಕೆ ಒಂದು ಕಡಿಮೆ.

ವಿಷಯ ಅಲ್ಲಿಗೇ ಮುಗಿಯಲಿಲ್ಲ, ಅದನ್ನು ಮುಚ್ಚಿಟ್ಟರೆ ನಾನು ಅಪ್ರಾಮಾಣಿಕನಾಗುತ್ತೇನೆ. 2016ರಲ್ಲಿ ಧ್ವನಿ ಸಂಶೋಧಕ ಜೋಶುವಾ ರೈಸ್ ಇಂಥ 18 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. ಸರಿಯುತ್ತರದ ಪ್ರಮಾಣ ಶೇ. 52.3. ಬಹಳ ಸಣ್ಣದು, ಆದರೂ ಬರೀ ಊಹೆಗಿಂತ ತುಸು ಮೇಲೆ. ಯಾವ ವ್ಯತ್ಯಾಸಕ್ಕೆ ಕಿವಿಗೊಡಬೇಕೆಂದು ಮೊದಲೇ ತರಬೇತಿ ಕೊಟ್ಟ ಪ್ರಯೋಗಗಳಲ್ಲಿ ಅದು ಸ್ಪಷ್ಟವಾಗಿ ಏರಿತ್ತು. ನನಗೆ ಮುಖ್ಯವಾಗಿ ಕಂಡದ್ದು ಈ ತರಬೇತಿಯ ಸಂಗತಿ.

ಸ್ಪೀಕರುಗಳ ವಿಷಯದಲ್ಲಿ ಸಂಶೋಧಕ ಶಾನ್ ಆಲಿವ್ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ನಾಲ್ಕು ಸ್ಪೀಕರುಗಳನ್ನು ಕಾಣದಂತೆ ಇಟ್ಟು 268 ಜನರಿಗೆ ಕೇಳಿಸಿದರು. ತರಬೇತಾದವರು, ಅಂಗಡಿಯವರು, ಪತ್ರಿಕೆಗಳಿಗೆ ವಿಮರ್ಶೆ ಬರೆಯುವವರು, ವಿದ್ಯಾರ್ಥಿಗಳು, ಎಲ್ಲರೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಮೆಚ್ಚಿದರು. ಒಳ್ಳೆಯದನ್ನು ಮೆಚ್ಚಲು ಲಕ್ಷಾಧಿಪತಿಯಾಗಬೇಕಿಲ್ಲ! ವ್ಯತ್ಯಾಸವನ್ನು ಖಚಿತವಾಗಿ, ಮತ್ತೆ ಮತ್ತೆ ಕೇಳಿದರೂ ಬದಲಿಸದೆ ಹೇಳುವುದರಲ್ಲಿ ಮಾತ್ರ ತರಬೇತಾದವರು ಬಹಳ ಮುಂದಿದ್ದರು. ಎಷ್ಟೆಷ್ಟೋ ಸೆಟ್ ಕೇಳಿದ ವಿಮರ್ಶಕರು ಅವರಿಗಿಂತ ತುಂಬ ಹಿಂದೆ. ಇದೇ ಆಲಿವ್ ಮತ್ತು ಫ್ಲಾಯ್ಡ್ ಟೂಲ್ 1994ರಲ್ಲಿ ತೋರಿಸಿದ್ದು ಇನ್ನೊಂದು: ಸ್ಪೀಕರ್ ಕಣ್ಣಿಗೆ ಕಾಣುತ್ತಿದ್ದರೆ ಅಂಕಗಳೇ ಬದಲಾಗುತ್ತವೆ, ಅನುಭವಿಗಳಲ್ಲೂ.

ಹಾಗಂತ ದುಬಾರಿಯೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಸ್ಪೀಕರಿಗೂ ಸ್ಪೀಕರಿಗೂ ಕತ್ತಲೆ ಬೆಳಕಿನಷ್ಟು ಅಂತರ ಇರಬಹುದು. ಕೋಣೆಯಂತೂ ಅದಕ್ಕಿಂತ ಹೆಚ್ಚು. ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಒಂದು ಮೂಲೆಯಲ್ಲಿ ಹಾಸಿಗೆಯ ಸುರುಳಿ ಇರುವ ಹಳೆಯ ಮನೆಯಲ್ಲಿ ಸಾಧಾರಣ ಸ್ಪೀಕರೂ ಹದವಾಗಿ ನುಡಿಯುತ್ತದೆ. ಅದನ್ನೇ ಟೈಲ್ಸ್ ಹಾಕಿದ ಆರ್‌ಸಿಸಿ ಹಾಲಿನಲ್ಲಿಟ್ಟರೆ ತಬಲಾದ ಬಾಯಾ ಕೊಡದೊಳಗೆ ಬಿದ್ದ ಹಾಗೆ ಕೇಳುತ್ತದೆ. ಆಷಾಢದಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಯಾವ ಆಂಪ್ಲಿಫೈಯರಿನ ನಿಶ್ಶಬ್ದವೂ ಉಪಯೋಗಕ್ಕಿಲ್ಲ. ಇಂಥದ್ದನ್ನೆಲ್ಲ ಹಲವು ಮನೆಗಳಲ್ಲಿ ಸೆಟ್ ಜೋಡಿಸಿದವನು ಬಲ್ಲ. ಕಾರವಾರದ ಕಡಲಂಚಿನಲ್ಲಿರುವ ನನ್ನ ಸ್ನೇಹಿತರೊಬ್ಬರು, ಉಪ್ಪುಗಾಳಿಗೆ ಪಿನ್ನುಗಳು ಹಸಿರುಗಟ್ಟಿ ಒಂದು ಕಡೆಯ ಸ್ಪೀಕರ್ ಕರಕರ ಎನ್ನುವುದನ್ನು ಬಾಗಿಲಲ್ಲಿ ನಿಂತೇ ಗುರುತಿಸುತ್ತಾರೆ. ಪಿನ್ ಒರೆಸಿದರೆ ಶಬ್ದ ಹೋಗಬೇಕು. ಹೋಗದಿದ್ದರೆ ಅವರು ಹೇಳಿದ್ದು ತಪ್ಪು. ಅಂಥ ಅನುಭವಕ್ಕೆ ನಾನು ಕೈ ಮುಗಿಯುತ್ತೇನೆ.

ಇನ್ನೊಂದು ಸೂಕ್ಷ್ಮ ಇದೆ. ಅರವತ್ತು ದಾಟಿದ ನಮ್ಮಲ್ಲಿ ಬಹುತೇಕರಿಗೆ 15,000 ಹರ್ಟ್ಜಿನ, ಅಂದರೆ ಸೆಕೆಂಡಿಗೆ 15,000 ಕಂಪನದ, ಮೇಲಿನದು ಕೇಳಿಸುವುದಿಲ್ಲ. ಸೆಟ್ಟಿಗೆ ಹಣ ಹೊಂದಿಸುವ ವಯಸ್ಸಿಗೆ ಕಿವಿಯ ಮೇಲಿನ ತುದಿ ಸವೆದಿರುತ್ತದೆ. ರಾಗ, ಶ್ರುತಿ, ಕಂಠದ ಬಣ್ಣ, ಇವುಗಳ ತಿರುಳು ಅದಕ್ಕಿಂತ ಬಹಳ ಕೆಳಗಿದೆ. ಅದರ ಬಗ್ಗೆ ಹಿರಿಯರ ಮಾತು ಕೇಳಬೇಕು. "ತೀರಾ ಮೇಲಿನ ತಾಜಾತನ" ಎಂಬುದರ ಬಗ್ಗೆ ಮಾತ್ರ ಇಪ್ಪತ್ತರ ಹುಡುಗನನ್ನು ಕೇಳುವುದೇ ಸರಿ.

ಮನೆಯಲ್ಲಿ ಪರೀಕ್ಷೆ ಮಾಡುವವರಿಗೆ ಒಂದು ಮಾತು. ಎರಡರ ಗಟ್ಟಿತನ ಒಂದೇ ಇರಬೇಕು. ಒಂದರ ಗಟ್ಟಿತನ ಒಂದು ಡೆಸಿಬೆಲ್ಲಿಗಿಂತ ಸಣ್ಣ ಪ್ರಮಾಣದಲ್ಲಿ ಹೆಚ್ಚಿದ್ದರೂ ಅದು ಗಟ್ಟಿ ಎಂದು ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಅಂಗಡಿಗಳಲ್ಲಿ ಎಷ್ಟೋ ಮೆಚ್ಚುಗೆ ಹುಟ್ಟುವುದೇ ಇದರಿಂದ. 1000 ಹರ್ಟ್ಜಿನ ನಾದ ಹಾಕಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟು, ವೋಲ್ಟೇಜ್ ಶೇ. 1ರೊಳಗೆ ಹೊಂದುವಂತೆ ಮಾಡಿಕೊಳ್ಳಿ. ಹತ್ತು ಸಲ ಕೇಳಿ. ಎಂಟು ಅಥವಾ ಹೆಚ್ಚು ಸಲ ಸರಿ ಬರುವುದು ಬರೀ ಅದೃಷ್ಟದಿಂದ 1024ಕ್ಕೆ 56 ಸಲ. ಒಂಬತ್ತು ಅಥವಾ ಹೆಚ್ಚು ಎಂದರೆ 11 ಸಲ ಮಾತ್ರ. ಒಂಬತ್ತು ಬಂದರೆ ನೀವು ಕೇಳಿದ್ದು ನಿಜವೆಂದು ನಾನು ಒಪ್ಪುತ್ತೇನೆ, ನಿಮ್ಮ ಸೆಟ್ಟಿನ ಬೆಲೆ ಕೇಳುವುದಿಲ್ಲ.

ನನ್ನ ಮಾತು ನಂಬಿ ತಂತಿ ಕೊಂಡಿದ್ದ ಆ ಇಬ್ಬರ ಮನೆಗೂ ಹೋಗಿ ನಡೆದದ್ದನ್ನು ಹೇಳಿ ಬಂದಿದ್ದೇನೆ. ಒಬ್ಬರು ಬೇಸರ ಮಾಡಿಕೊಂಡರು. ಇನ್ನೊಬ್ಬರು ಇಲ್ಲೇ ಕೂತಿದ್ದಾರೆ, ಇವತ್ತಿನ ತೆರೆ ಕಟ್ಟಿದವರೂ ಅವರೇ.

ಆ ತೆರೆಯ ಹಿಂದೆ ಎರಡು ಆಂಪ್ಲಿಫೈಯರ್ ಇವೆ. ಒಂದು ಜಗುಲಿಯಲ್ಲಿ ಮಾತಾಡಿದ ನನ್ನ ಪರಿಚಿತರದು. ಕೇಳಿದ ಕೂಡಲೇ ತಾವೇ ಹೊತ್ತು ತಂದುಕೊಟ್ಟರು. ಇನ್ನೊಂದು ನನ್ನ ಹಳೆಯದು. ವೋಲ್ಟೇಜ್ ಹೊಂದಿಸಿ ಆಗಿದೆ. ಅಳಿಯ ಚೀಟಿ ಹಂಚುತ್ತಾನೆ. ಹತ್ತು ಸಲ, ಒಂದು ಅಥವಾ ಎರಡು ಎಂದು ಬರೆದರೆ ಸಾಕು, ಹೆಸರು ಬೇಡ. ಮೊದಲ ಸಾಲಿನ ನಡುವಿನ ಎರಡು ಕುರ್ಚಿ ನನಗೂ ಆ ಪರಿಚಿತರಿಗೂ ಬಿಟ್ಟಿರಿ. ಫ್ಯಾನ್ ಆರಿಸಿ, ಶುರು ಮಾಡೋಣ.