ಕೊಸರಿನಲ್ಲಿ ಸಿಕ್ಕ ತಂಡ: ವೇಗಸ್ ಗೋಲ್ಡನ್ ನೈಟ್ಸ್‌ನ ಮೊದಲ ವರ್ಷ

ಎಲ್ಲರಿಗೂ ನಮಸ್ಕಾರ.

ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್ ಆದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಹೊಸ ತಂಡ ಅಂದರೆ ಸೋಲೋಕೇ ಬಂದ ತಂಡ ಎಂಬ ಲೆಕ್ಕ ಬಹಳ ಕಾಲ ಇತ್ತು. 1974-75ರಲ್ಲಿ ವಾಷಿಂಗ್ಟನ್ ಕ್ಯಾಪಿಟಲ್ಸ್ ಎಂಬ ತಂಡ ಹುಟ್ಟಿತು. ಮೊದಲ ವರ್ಷ 80 ಪಂದ್ಯ ಆಡಿ 8 ಗೆದ್ದಿತು. ಬೇರೆ ಊರಲ್ಲಿ ಆಡಿದ ಮೊದಲ 37 ಪಂದ್ಯಗಳನ್ನು ಸಾಲಾಗಿ ಸೋತಿತ್ತು. 38ನೆಯದನ್ನು ಗೆದ್ದಾಗ ಆಟಗಾರರು ಡ್ರೆಸ್ಸಿಂಗ್ ರೂಮಿನ ಕಸದ ಡಬ್ಬವನ್ನೇ ಟ್ರೋಫಿಯ ಹಾಗೆ ಎತ್ತಿ ಹಿಡಿದು ಕುಣಿದರಂತೆ. 1992-93ರಲ್ಲಿ ಹುಟ್ಟಿದ ಒಟ್ಟಾವ ಸೆನೆಟರ್ಸ್ 84 ಪಂದ್ಯಗಳಲ್ಲಿ 70 ಸೋತಿತು.

2017-18ರಲ್ಲಿ ಲಾಸ್ ವೇಗಸ್‌ನಲ್ಲಿ ಹುಟ್ಟಿದ ವೇಗಸ್ ಗೋಲ್ಡನ್ ನೈಟ್ಸ್ 82 ಪಂದ್ಯಗಳಲ್ಲಿ 51 ಗೆದ್ದಿತು. ತನ್ನ ವಿಭಾಗದಲ್ಲಿ ಮೊದಲ ಸ್ಥಾನ. ಆಮೇಲೆ ಲೀಗ್‌ನ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್‌ನ ಫೈನಲ್. ಹಿಂದೆ 1968ರಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ಕೂಡ ಮೊದಲ ವರ್ಷವೇ ಫೈನಲ್ ಆಡಿತ್ತು, ನಿಜ. ಆದರೆ ಆಗ ಆರು ಹೊಸ ತಂಡಗಳನ್ನೇ ಸೇರಿಸಿ ಒಂದು ವಿಭಾಗ ಮಾಡಿದ್ದರು. ಅವುಗಳಲ್ಲಿ ಒಂದು ಫೈನಲ್‌ಗೆ ಹೋಗಲೇಬೇಕಿತ್ತು. ವೇಗಸ್‌ಗೆ ಅಂಥ ರಿಯಾಯಿತಿ ಇರಲಿಲ್ಲ. ಸೀಸನ್ ಶುರುವಾಗುವಾಗ ಬೆಟ್ಟಿಂಗ್ ಅಂಗಡಿಗಳಲ್ಲಿ ಈ ತಂಡದ ಮೇಲೆ ಕೆಲವು ಕಡೆ 1ಕ್ಕೆ 500 ಕೊಡುತ್ತಿದ್ದರು. ಜೂಜಿನ ಊರಿನವರೇ ನಂಬಿರಲಿಲ್ಲ ಅಂದಮೇಲೆ ನೋಡಿ!

ಇದು ಹೇಗಾಯಿತು? ಯಾರಿಗೂ ಬೇಡವಾದವರು ಸೇರಿ ಛಲದಿಂದ ಆಡಿ ಗೆದ್ದರು ಅನ್ನುವುದು ಎಲ್ಲರೂ ಹೇಳುವ ಕಥೆ. ಆಟಗಾರರೂ ತಮ್ಮನ್ನು ಮಿಸ್‌ಫಿಟ್ಸ್ ಎಂದೇ ಕರೆದುಕೊಂಡರು. ಕಥೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ಉಳಿದ ಅರ್ಧ ಇರುವುದು ಬೇರೆ ತಂಡಗಳ ಮ್ಯಾನೇಜರ್‌ಗಳ ಭಯದಲ್ಲಿ. ಇವತ್ತು ಅದರ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ಮೊದಲು ಆಟದ ಒಂದು ವಿಷಯ ಗೊತ್ತಿರಲಿ. ಐಸ್ ಹಾಕಿಯಲ್ಲಿ ಒಂದು ಕಡೆ ಗೋಲಿ, ಅಂದರೆ ಗೋಲ್‌ಕೀಪರ್, ಮತ್ತು ಐದು ಜನ. ಇಪ್ಪತ್ತು ಇಪ್ಪತ್ತು ನಿಮಿಷದ ಮೂರು ಭಾಗ. ಐಸ್ ಮೇಲೆ ಅಷ್ಟು ವೇಗದಲ್ಲಿ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಚೆನ್ನಾಗಿ ಆಡಲಾರರು. ಅದಕ್ಕೇ ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಮುಂದಿನ ಸಾಲಿನ ಮೂವರನ್ನು ಒಂದು ಲೈನ್ ಅನ್ನುತ್ತಾರೆ. ಅಂಥ ನಾಲ್ಕು ಲೈನ್ ಇರುತ್ತವೆ. ಮೊದಲ ಲೈನಿನವರಿಗೆ ಜಾಸ್ತಿ ಹೊತ್ತು, ಒಳ್ಳೆಯ ಜೊತೆಗಾರರು. ನಾಲ್ಕನೆಯ ಲೈನಿನವರು ಹೋಗಿ ಒಂದಿಷ್ಟು ಗುದ್ದಾಡಿ ಬರಬೇಕು, ಅಷ್ಟೇ. ಒಬ್ಬ ಆಟಗಾರ ಎಷ್ಟು ಗೋಲು ಹೊಡೆದ ಎನ್ನುವುದು ಅವನ ಕೈಚಳಕದಷ್ಟೇ, ಅವನು ಯಾವ ಲೈನಿನಲ್ಲಿದ್ದ ಎನ್ನುವುದರ ಮೇಲೂ ನಿಂತಿದೆ. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ.

ಈಗ ತಂಡ ಕಟ್ಟಿದ ಬಗೆ. ಉದ್ಯಮಿ ಬಿಲ್ ಫೋಲಿ ಲೀಗ್‌ಗೆ ಸೇರಲು ಕಟ್ಟಿದ ಶುಲ್ಕ 50 ಕೋಟಿ ಡಾಲರ್. 2000ದಲ್ಲಿ ಮಿನೆಸೋಟ ಮತ್ತು ಕೊಲಂಬಸ್ ತಂಡಗಳು ಸೇರುವಾಗ ಇದೇ ಶುಲ್ಕ 8 ಕೋಟಿ ಇತ್ತು. ಇಷ್ಟು ದುಡ್ಡು ಕೊಟ್ಟವನಿಗೆ ಬರೀ ಹೊಟ್ಟು ಕೊಟ್ಟು ಕಳಿಸಲು ಆಗುತ್ತದಾ? ಲೀಗ್ ನಿಯಮ ಸಡಿಲಿಸಿತು. 2000ದಲ್ಲಿ ಹಳೆಯ ತಂಡವೊಂದು ಹದಿನೈದು ಆಟಗಾರರವರೆಗೆ ಇವರು ನಮ್ಮವರು, ಮುಟ್ಟಬೇಡಿ ಎಂದು ಕಾಯ್ದಿಟ್ಟುಕೊಳ್ಳಬಹುದಿತ್ತು. 2017ರಲ್ಲಿ ಏಳು ಫಾರ್ವರ್ಡ್, ಮೂವರು ಡಿಫೆಂಡರ್, ಒಬ್ಬ ಗೋಲಿ. ಇಲ್ಲವೇ ಒಟ್ಟು ಎಂಟು ಆಟಗಾರರು ಮತ್ತು ಒಬ್ಬ ಗೋಲಿ. ವೃತ್ತಿಗೆ ಬಂದು ಎರಡು ವರ್ಷ ಮೀರದ ಹುಡುಗರಿಗೆ ಮಾತ್ರ ವಿನಾಯಿತಿ. ಉಳಿದವರಲ್ಲಿ ವೇಗಸ್ ಪ್ರತಿ ತಂಡದಿಂದ ಒಬ್ಬರನ್ನು ಎತ್ತಿಕೊಳ್ಳಬಹುದು. ಮೂವತ್ತು ತಂಡ, ಮೂವತ್ತು ಆಟಗಾರರು.

ಐಪಿಎಲ್ ನೋಡುವವರಿಗೆ ಇಲ್ಲಿ ಗುಜರಾತ್ ಟೈಟನ್ಸ್ ನೆನಪಾಗಬಹುದು. ಅದು 2022ರಲ್ಲಿ ಮೊದಲ ಸೀಸನ್‌ನಲ್ಲೇ ಕಪ್ ಗೆದ್ದಿತಲ್ಲ. ಆದರೆ ಗುಜರಾತ್‌ಗೆ ಹರಾಜಿಗೆ ಮೊದಲೇ ಹಾರ್ದಿಕ್ ಪಾಂಡ್ಯ, ರಶೀದ್ ಖಾನ್, ಶುಭಮನ್ ಗಿಲ್ ಸಿಕ್ಕಿದ್ದರು. ಆಮೇಲೆ ಹರಾಜಿನಲ್ಲಿ ಎಲ್ಲರ ಜೊತೆ ಸಮನಾಗಿ ಕೂಗುವ ಅವಕಾಶವಿತ್ತು. ವೇಗಸ್‌ಗೆ ಹರಾಜೂ ಇಲ್ಲ, ಮೊದಲ ಆಯ್ಕೆಯೂ ಇಲ್ಲ. ಬೇರೆಯವರು ಆರಿಸಿಟ್ಟುಕೊಂಡು ಬಿಟ್ಟಿದ್ದರಲ್ಲಿ ಆರಿಸಬೇಕು.

ವೇಗಸ್‌ನ ಜನರಲ್ ಮ್ಯಾನೇಜರ್ ಜಾರ್ಜ್ ಮೆಕ್‌ಫೀ. ಲೀಗ್‌ನಲ್ಲಿ ಪಳಗಿದ ಮನುಷ್ಯ. ಬೇರೆ ತಂಡಗಳ ಸಂಕಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ತಂಡಕ್ಕೂ ಹನ್ನೆರಡನೆಯವನೋ ಹದಿಮೂರನೆಯವನೋ ಒಬ್ಬ ಕಾಯ್ದಿಡಲಾಗದ ಒಳ್ಳೆಯ ಆಟಗಾರ ಇದ್ದೇ ಇದ್ದ. ಅವನನ್ನು ತೆಗೆದುಕೊಳ್ಳಬೇಡಿ ಎಂದು ಆ ತಂಡಗಳು ಬೇಡಿಕೊಂಡವು. ಆಯ್ತು, ತೆಗೆದುಕೊಳ್ಳಲ್ಲ, ಬದಲಿಗೆ ಏನು ಕೊಡ್ತೀರಿ ಎಂದರು ಮೆಕ್‌ಫೀ. ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಕೊಸರು ಕೇಳುವ ಹಾಗೆ ಒಂದೊಂದು ತಂಡದಿಂದಲೂ ಕೊಸರು ಕೇಳಿದರು. ಆ ವರ್ಷದ ಸೊಗಸು ಏನೆಂದರೆ, ತೂಗಿದ ತರಕಾರಿ ಮತ್ತು ಕೊಸರು ಎರಡೂ ಚೆನ್ನಾಗಿದ್ದವು.

ಕೊಲಂಬಸ್ ತಂಡವನ್ನೇ ನೋಡಿ. ಅವರಿಗೆ ಜಾಶ್ ಆಂಡರ್ಸನ್ ಮತ್ತು ಗೋಲಿ ಯೂನಸ್ ಕೊರ್ಪಿಸಾಲೊ ಬೇಕಿತ್ತು. ಅವರನ್ನು ಉಳಿಸಿಕೊಳ್ಳಲು ಹೊಸ ಹುಡುಗರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಒಂದು ಹಕ್ಕು, ಎರಡನೆಯ ಸುತ್ತಿನ ಇನ್ನೊಂದು ಹಕ್ಕು ವೇಗಸ್‌ಗೆ ಕೊಟ್ಟರು. ಜೊತೆಗೆ ತಮಗೆ ಭಾರವಾಗಿದ್ದ ಡೇವಿಡ್ ಕ್ಲಾರ್ಕ್‌ಸನ್ ಎಂಬ ಆಟಗಾರನ ಸಂಬಳದ ಗುತ್ತಿಗೆಯನ್ನೂ ದಾಟಿಸಿದರು. ಇಷ್ಟೆಲ್ಲ ಕೊಟ್ಟು, ನಮ್ಮಲ್ಲಿ ವಿಲಿಯಂ ಕಾರ್ಲ್‌ಸನ್ ಅಂತ ಒಬ್ಬ ಸ್ವೀಡನ್ ಹುಡುಗ ಇದ್ದಾನೆ, ಅವನನ್ನು ತೆಗೆದುಕೊಳ್ಳಿ ಅಂದರು. ಕಾರ್ಲ್‌ಸನ್ ಹಿಂದಿನ ಸೀಸನ್‌ನಲ್ಲಿ ಕೆಳಗಿನ ಲೈನಿನಲ್ಲಿ ಆಡಿ 6 ಗೋಲು ಹೊಡೆದಿದ್ದ. ವೇಗಸ್ ಅವನನ್ನು ಮೊದಲ ಲೈನಿನ ನಡುವೆ ನಿಲ್ಲಿಸಿತು. ಅವನು 43 ಗೋಲು ಹೊಡೆದ. ಅಂದರೆ ಕೊಲಂಬಸ್ ಕೈಯಿಂದ ದುಡ್ಡು ಕೊಟ್ಟು ಒಬ್ಬ 43 ಗೋಲಿನ ಆಟಗಾರನನ್ನು ಕಳಿಸಿಕೊಟ್ಟಿತು ಅಲ್ವಾ?

ಫ್ಲೋರಿಡಾ ಪ್ಯಾಂಥರ್ಸ್ ಮಾಡಿದ್ದು ಇನ್ನೂ ವಿಚಿತ್ರ. ಹಿಂದಿನ ವರ್ಷ 30 ಗೋಲು ಹೊಡೆದಿದ್ದ ಜೊನಾಥನ್ ಮಾರ್ಷೆಸೊನನ್ನು ಅವರು ಕಾಯ್ದಿಡಲಿಲ್ಲ. ಅಷ್ಟೇ ಅಲ್ಲ, ರೈಲಿ ಸ್ಮಿತ್‌ನ ದೊಡ್ಡ ಸಂಬಳ ತಪ್ಪಿಸಿಕೊಳ್ಳಲು ಅವನನ್ನೂ ವೇಗಸ್‌ಗೆ ಕೊಟ್ಟು, ಬದಲಿಗೆ ನಾಲ್ಕನೆಯ ಸುತ್ತಿನ ಒಂದು ಹಕ್ಕು ತೆಗೆದುಕೊಂಡರು. ಕಾರ್ಲ್‌ಸನ್, ಮಾರ್ಷೆಸೊ, ಸ್ಮಿತ್. ವೇಗಸ್‌ನ ಮೊದಲ ಲೈನ್ ಇದೇ. ಕೋಚ್ ಜೆರಾರ್ಡ್ ಗ್ಯಾಲಂಟ್ ಬಂದದ್ದೂ ಫ್ಲೋರಿಡಾದಿಂದಲೇ. 2016ರ ನವೆಂಬರ್‌ನಲ್ಲಿ ಕೆರೊಲಿನಾದಲ್ಲಿ ಪಂದ್ಯ ಸೋತ ರಾತ್ರಿ ಅವರನ್ನು ಕೆಲಸದಿಂದ ತೆಗೆದಿದ್ದರು. ಕ್ರೀಡಾಂಗಣದ ಹೊರಗೆ ಅವರು ಟ್ಯಾಕ್ಸಿಗೆ ಬ್ಯಾಗು ತುಂಬುತ್ತಿದ್ದ ಫೋಟೊ ಎಲ್ಲ ಕಡೆ ಓಡಾಡಿತು.

ಹೀಗೆಯೇ ಮಿನೆಸೋಟ ಎರಿಕ್ ಹೌಲಾನನ್ನು ತೆಗೆದುಕೊಳ್ಳಿ ಎಂದು ಹೇಳಿ, ಮೂರನೆಯ ಸುತ್ತಿನ ಒಂದು ಹಕ್ಕಿಗೆ ಅಲೆಕ್ಸ್ ಟಕ್‌ನನ್ನೂ ಕೊಟ್ಟಿತು. ಅನಾಹೈಮ್‌ನಿಂದ ಶೇ ಥಿಯೊಡೋರ್ ಎಂಬ ಒಳ್ಳೆಯ ಡಿಫೆಂಡರ್ ಬಂದ. ಪಿಟ್ಸ್‌ಬರ್ಗ್ ತನ್ನ ಕಿರಿಯ ಗೋಲಿಯನ್ನು ಉಳಿಸಿಕೊಂಡು, ಮೂರು ಸ್ಟ್ಯಾನ್ಲಿ ಕಪ್ ಕಂಡಿದ್ದ ಮಾರ್ಕ್-ಆಂದ್ರೆ ಫ್ಲೂರಿಯನ್ನು ಬಿಟ್ಟುಕೊಟ್ಟಿತು. ಮೇಲೆ ಎರಡನೆಯ ಸುತ್ತಿನ ಹಕ್ಕು ಬೇರೆ!

ಕಾಗದದ ಮೇಲೆ ತಂಡ ಸಿದ್ಧವಾಯಿತು. ಆದರೂ ಪರಿಣತರು ಇದನ್ನು ಕೊನೆಯ ಸ್ಥಾನದಲ್ಲೇ ಇಟ್ಟರು. ಒಂದು ಕಾರಣ ಊರು. ಮರುಭೂಮಿಯಲ್ಲಿ ಐಸ್ ಹಾಕಿ ಯಾರು ನೋಡುತ್ತಾರೆ ಎಂಬ ಅನುಮಾನ. 1991ರಲ್ಲಿ ಸೀಸರ್ಸ್ ಪ್ಯಾಲೆಸ್ ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ ಬಯಲಲ್ಲೇ ಒಂದು ಪ್ರದರ್ಶನ ಪಂದ್ಯ ಆಡಿಸಿದ್ದರು. ದೀಪಕ್ಕೆ ಬಂದ ಮಿಡತೆಗಳು ಐಸ್ ಮೇಲೆ ಬಿದ್ದು ಅಂಟಿಕೊಂಡವು. ಲಾಸ್ ವೇಗಸ್ ಹಾಕಿಯ ಬಗ್ಗೆ ಹೊರಗಿನವರಿಗೆ ನೆನಪಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಅಲ್ಲಿವರೆಗೆ ಆ ಊರಿಗೆ ದೊಡ್ಡ ಲೀಗ್‌ನ ತಂಡವೇ ಇರಲಿಲ್ಲ.

ಸೀಸನ್ ಶುರುವಾಗಲು ಕೆಲವೇ ದಿನ ಇರುವಾಗ, 2017ರ ಅಕ್ಟೋಬರ್ 1ರ ರಾತ್ರಿ, ಲಾಸ್ ವೇಗಸ್‌ನ ಸಂಗೀತ ಉತ್ಸವವೊಂದರ ಮೇಲೆ ಒಬ್ಬ ಹೋಟೆಲಿನ ಕಿಟಕಿಯಿಂದ ಗುಂಡಿನ ಮಳೆ ಸುರಿಸಿದ. 58 ಜನ ಸತ್ತರು. ಗಾಯಗೊಂಡಿದ್ದ ಇಬ್ಬರು ನಂತರದ ವರ್ಷಗಳಲ್ಲಿ ತೀರಿಕೊಂಡರು. ಆಟಗಾರರಲ್ಲಿ ಬಹಳ ಜನ ಊರಿಗೆ ಬಂದು ಕೆಲವೇ ವಾರ ಆಗಿತ್ತು. ಅವರು ರಕ್ತದಾನ ಕೇಂದ್ರಗಳಿಗೆ, ಪೊಲೀಸರ ಬಳಿಗೆ ಹೋದರು. ಅಕ್ಟೋಬರ್ 10ಕ್ಕೆ ತವರಿನ ಮೊದಲ ಪಂದ್ಯ. ಅಂಕಣದ ಸುತ್ತಲಿನ ಜಾಹೀರಾತುಗಳನ್ನೆಲ್ಲ ತೆಗೆದಿದ್ದರು. ಪ್ರತಿ ಆಟಗಾರನೂ ಆ ರಾತ್ರಿ ಜನರನ್ನು ಉಳಿಸಲು ದುಡಿದ ಒಬ್ಬರ ಜೊತೆ ಐಸ್‌ಗೆ ಬಂದ. 58 ಸೆಕೆಂಡ್ ಮೌನ. ಆಮೇಲೆ ಡೆರಿಕ್ ಎಂಗೆಲ್ಲಂಡ್ ಮೈಕ್ ಹಿಡಿದ. ಇವನು ಹಿಂದೆ ಇದೇ ಊರಿನ ಕೆಳಹಂತದ ತಂಡದಲ್ಲಿ ಆಡಿದ್ದವನು, ಇಲ್ಲೇ ಮದುವೆಯಾಗಿ ಮನೆ ಮಾಡಿದ್ದವನು. ದೊಡ್ಡ ಭಾಷಣಕಾರ ಏನಲ್ಲ. ನಾನೂ ಈ ಊರಿನವನು, ಊರು ಚೇತರಿಸಿಕೊಳ್ಳಲು ನಮ್ಮ ಕೈಲಾದದ್ದನ್ನು ಮಾಡುತ್ತೇವೆ ಎಂಬರ್ಥದ ಮಾತಾಡಿ ಮುಗಿಸಿದ. ಪಂದ್ಯ ಶುರುವಾಗಿ 11 ನಿಮಿಷ ಆಗುವುದರೊಳಗೆ ವೇಗಸ್ ನಾಲ್ಕು ಗೋಲು ಹೊಡೆದಿತ್ತು. ಎರಡನೆಯದು ಎಂಗೆಲ್ಲಂಡ್‌ದು. ಗೋಲು ಹೊಡೆಯುವುದು ಅವನ ಕೆಲಸವೇ ಅಲ್ಲ, ಅವನು ಡಿಫೆಂಡರ್.

ಇಲ್ಲಿ ಒಂದು ಮಾತು. ಊರಿನ ದುಃಖವೇ ತಂಡವನ್ನು ಗೆಲ್ಲಿಸಿತು ಎಂದು ಬರೆದವರು ತುಂಬಾ ಜನ. ನನಗೆ ಆ ಮಾತು ಇಷ್ಟವಾಗುವುದಿಲ್ಲ. ಅಷ್ಟು ಜನ ಸತ್ತದ್ದು ಯಾರದೋ ಗೆಲುವಿಗೆ ಕಾರಣ ಎಂದು ಹೇಳಲು ಬಾಯಿ ಬರಬಾರದು. ಆ ಹೊತ್ತಿನಲ್ಲಿ ಊರಿಗೂ ತಂಡಕ್ಕೂ ಒಂದು ಗಟ್ಟಿ ನಂಟು ಬೆಳೆಯಿತು, ಅಷ್ಟು ನಿಜ. ಮುಂದೆ 2018ರ ಮಾರ್ಚ್ 31ರಂದು ತಂಡ 58ನೆಯ ನಂಬರಿನ ಜರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಮೇಲೆ ಏರಿಸಿತು. ಅದೇ ರಾತ್ರಿ ವಿಭಾಗದ ಮೊದಲ ಸ್ಥಾನವೂ ಖಚಿತವಾಯಿತು.

ಮೊದಲ ಒಂಬತ್ತು ಪಂದ್ಯಗಳಲ್ಲಿ ಎಂಟು ಗೆಲುವು. ಅದೂ ಗೋಲಿಗಳು ಒಬ್ಬರಾದ ಮೇಲೆ ಒಬ್ಬರು ಗಾಯಗೊಳ್ಳುತ್ತಿರುವಾಗ. ಫ್ಲೂರಿಗೆ ತಲೆಗೆ ಪೆಟ್ಟಾಯಿತು. ಅವನ ಬದಲಿಗೆ ಬಂದ ಮಾಲ್ಕಂ ಸುಬ್ಬನ್‌ಗೂ ಗಾಯ. ಅವನ ಬದಲಿಗೆ ಬಂದ ಆಸ್ಕರ್ ಡಾನ್ಸ್ಕ್‌ಗೂ ಗಾಯ. ಕೊನೆಗೆ ಜೂನಿಯರ್ ಲೀಗ್‌ನಿಂದ 19 ವರ್ಷದ ಹುಡುಗನನ್ನು ಕರೆಸಿ ಒಂದು ಪಂದ್ಯದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಒಂದೇ ಸೀಸನ್‌ನಲ್ಲಿ ಐದು ಗೋಲಿಗಳು. ಸಾಮಾನ್ಯ ತಂಡ ಇಷ್ಟಕ್ಕೇ ಮಗುಚಿಕೊಳ್ಳುತ್ತದೆ.

ಗ್ಯಾಲಂಟ್ ಮಾಡಿದ ಮುಖ್ಯ ಕೆಲಸ ಎಲ್ಲ ನಾಲ್ಕು ಲೈನ್‌ಗಳನ್ನೂ ನಂಬಿ ಆಡಿಸಿದ್ದು. ತಂಡದಲ್ಲಿ ಸೂಪರ್‌ಸ್ಟಾರ್ ಇರಲಿಲ್ಲ, ಆದರೆ ತೀರಾ ಕಳಪೆಯವನೂ ಇರಲಿಲ್ಲ. ತನ್ನ ಮೂರನೆಯ, ನಾಲ್ಕನೆಯ ಲೈನ್ ಬಂದಾಗಲೂ ವೇಗಸ್‌ನ ವೇಗ ಕಡಿಮೆಯಾಗುತ್ತಿರಲಿಲ್ಲ. ತವರಲ್ಲಿ ಆಡಿದ 41 ಪಂದ್ಯಗಳಲ್ಲಿ 29 ಗೆದ್ದರು. ಹೊರಗಿನಿಂದ ಬಂದ ತಂಡಗಳು ಹಿಂದಿನ ರಾತ್ರಿ ಕ್ಯಾಸಿನೊಗಳಲ್ಲಿ ನಿದ್ದೆಗೆಟ್ಟು ಸೋಲುತ್ತಿದ್ದವು ಎಂಬ ತಮಾಷೆಯೂ ಇತ್ತು. ಅದಕ್ಕೆ ವೇಗಸ್ ಫ್ಲೂ ಎಂದು ಹೆಸರಿಟ್ಟಿದ್ದರು. ಸೋತವರಿಗೆ ಒಂದು ನೆಪ ಬೇಕಲ್ಲ.

ಪ್ಲೇಆಫ್ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಲಾಸ್ ಏಂಜಲಿಸ್ ಕಿಂಗ್ಸ್ ವಿರುದ್ಧ ಪಂದ್ಯಗಳ ಲೆಕ್ಕದಲ್ಲಿ 4-0. ಆ ನಾಲ್ಕು ಪಂದ್ಯಗಳಲ್ಲಿ ಫ್ಲೂರಿ ಬಿಟ್ಟುಕೊಟ್ಟದ್ದು ಒಟ್ಟು ಮೂರು ಗೋಲು. ಸ್ಯಾನ್ ಹೊಸೆ ವಿರುದ್ಧ 4-2. ವಿನಿಪೆಗ್ ವಿರುದ್ಧ 4-1. ಫೈನಲ್‌ನಲ್ಲಿ ಎದುರಾದದ್ದು ವಾಷಿಂಗ್ಟನ್ ಕ್ಯಾಪಿಟಲ್ಸ್. ಕಸದ ಡಬ್ಬ ಎತ್ತಿ ಕುಣಿದಿದ್ದ ಅದೇ ತಂಡ. 44 ವರ್ಷ ಆಡಿಯೂ ಅದು ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ಮೆಕ್‌ಫೀ 1997ರಿಂದ 2014ರವರೆಗೆ ಆ ತಂಡದ ಮ್ಯಾನೇಜರ್ ಆಗಿದ್ದರು. ವಾಷಿಂಗ್ಟನ್ ನಾಯಕ ಅಲೆಕ್ಸಾಂಡರ್ ಒವೆಚ್ಕಿನ್‌ನನ್ನು ಆರಿಸಿದ್ದು ಅವರ ಕಾಲದಲ್ಲೇ, ಗೋಲಿ ಬ್ರೇಡನ್ ಹೋಲ್ಟ್‌ಬಿಯನ್ನೂ ಅಷ್ಟೇ. ಆಮೇಲೆ ತಂಡ ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ.

ಮೊದಲ ಪಂದ್ಯ ವೇಗಸ್ 6-4ರಿಂದ ಗೆದ್ದಿತು. ಎರಡನೆಯದರಲ್ಲಿ 3-2ರಿಂದ ಹಿಂದಿದ್ದಾಗ, ಆಟ ಮುಗಿಯಲು ಎರಡು ನಿಮಿಷ ಇರುವಾಗ, ಟಕ್ ಎದುರು ಗೋಲು ಬಾಗಿಲು ತೆರೆದಂತೆ ಖಾಲಿ ಇತ್ತು. ಹೊಡೆದ. ಹೋಲ್ಟ್‌ಬಿ ಎಲ್ಲಿಂದಲೋ ಹಾರಿ ಬಂದು ತನ್ನ ಕೋಲು ಅಡ್ಡ ಹಿಡಿದ. ಸರಣಿ ತಿರುಗಿದ್ದು ಅಲ್ಲೇ. ವಾಷಿಂಗ್ಟನ್ ಸಾಲಾಗಿ ನಾಲ್ಕು ಗೆದ್ದಿತು. ಜೂನ್ 7ರಂದು ಲಾಸ್ ವೇಗಸ್‌ನಲ್ಲೇ ಒವೆಚ್ಕಿನ್ ಕಪ್ ಎತ್ತಿದ. ಮೆಕ್‌ಫೀ ಕಟ್ಟಿದ ಹಳೆಯ ತಂಡ ಅವರ ಹೊಸ ತಂಡವನ್ನು ಸೋಲಿಸಿತು. ಇಂಥದ್ದನ್ನು ಕಥೆಯಲ್ಲಿ ಬರೆದರೆ ಯಾರೂ ನಂಬಲ್ಲ.

ಭಯದ ಮಾತು ಹೇಳಿದೆನಲ್ಲ, ಅದಕ್ಕೆ ಪುರಾವೆ ಏನು ಅಂತ ನೀವು ಕೇಳಬಹುದು. ಸಿಯಾಟಲ್ ನೋಡಿ. 2021ರಲ್ಲಿ ಸಿಯಾಟಲ್ ಕ್ರಾಕನ್ ಎಂಬ ಹೊಸ ತಂಡ 65 ಕೋಟಿ ಡಾಲರ್ ಕೊಟ್ಟು ಬಂತು. ನಿಯಮ ವೇಗಸ್‌ಗಿದ್ದದ್ದೇ. ಆದರೆ ಅಷ್ಟು ಹೊತ್ತಿಗೆ ಮ್ಯಾನೇಜರ್‌ಗಳು ಬುದ್ಧಿ ಕಲಿತಿದ್ದರು. ಒಬ್ಬ ಹೋದರೆ ಹೋಗಲಿ, ಕೊಸರು ಮಾತ್ರ ಕೊಡುವುದಿಲ್ಲ ಎಂದು ಕೂತರು. ಸಿಯಾಟಲ್ ಮೊದಲ ವರ್ಷ 27 ಪಂದ್ಯ ಗೆದ್ದಿತು, ಪ್ಲೇಆಫ್ ಹತ್ತಿರವೂ ಬರಲಿಲ್ಲ. ಅವರಲ್ಲಿ ಛಲ ಇರಲಿಲ್ಲವಾ? ಎರಡನೆಯ ವರ್ಷ ಹಿಂದಿನ ಚಾಂಪಿಯನ್ ಕೊಲೊರಾಡೊವನ್ನೇ ಹೊರಗೆ ಕಳಿಸಿದರಲ್ಲ!

ಇಷ್ಟಕ್ಕೆ ಎಲ್ಲ ಬರೀ ಅದೃಷ್ಟ ಎಂದೂ ನಾನು ಹೇಳುತ್ತಿಲ್ಲ. ಕಾರ್ಲ್‌ಸನ್ ಆ ವರ್ಷ ಹೊಡೆದ ಪ್ರತಿ ನೂರು ಹೊಡೆತಗಳಲ್ಲಿ 23ಕ್ಕಿಂತ ಹೆಚ್ಚು ಗೋಲಾದವು. ಅಷ್ಟು ಯಾರಿಗೂ ಪ್ರತಿ ವರ್ಷ ಆಗುವುದಿಲ್ಲ, ಮರುವರ್ಷ ಅವನು 24 ಗೋಲಿಗೆ ಇಳಿದ. ಆದರೆ 24 ಗೋಲೂ ಆರಕ್ಕಿಂತ ನಾಲ್ಕು ಪಟ್ಟು. ಆ ಆಟ ಅವನ ಕೈಯಲ್ಲಿ ಮೊದಲೂ ಇತ್ತು. ಐಸ್ ಮೇಲೆ ಹೊತ್ತು ಸಿಕ್ಕಿರಲಿಲ್ಲ, ಅಷ್ಟೇ.

ಕೊನೆಗೆ ಕಹಿಯಾದ ಒಂದು ವಿಷಯ. ಬೇಡವಾದವರಿಂದ ಕಟ್ಟಿದ ತಂಡ ಮುಂದೆ ತನ್ನವರನ್ನೇ ಬೇಡ ಎಂದಿತು. 2018ರಲ್ಲಿ ಲೀಗ್‌ನ ಅತ್ಯುತ್ತಮ ಕೋಚ್ ಪ್ರಶಸ್ತಿ ಪಡೆದ ಗ್ಯಾಲಂಟ್‌ನನ್ನು 2020ರ ಜನವರಿಯಲ್ಲಿ ತೆಗೆದು, ತಮ್ಮ ಬದ್ಧವೈರಿ ಸ್ಯಾನ್ ಹೊಸೆಯ ಹಳೆಯ ಕೋಚನ್ನು ತಂದು ಕೂರಿಸಿದರು. ಫ್ಲೂರಿ 2021ರಲ್ಲಿ ಲೀಗ್‌ನ ಶ್ರೇಷ್ಠ ಗೋಲಿಗೆ ಕೊಡುವ ವೆಜಿನಾ ಟ್ರೋಫಿ ಗೆದ್ದ. ಮರುತಿಂಗಳೇ ಅವನನ್ನು ಶಿಕಾಗೊಗೆ ದಾಟಿಸಿದರು. ಅಭಿಮಾನಿಗಳು ಉರಿದುಬಿದ್ದರು. ಆದರೆ ಆ ಕಟುಕತನದಿಂದಲೇ ದೊಡ್ಡ ಆಟಗಾರರಿಗೆ ಜಾಗ, ಸಂಬಳಕ್ಕೆ ದುಡ್ಡು ಸಿಕ್ಕಿತು ಎನ್ನುವುದನ್ನೂ ಒಪ್ಪಬೇಕು. 2023ರ ಜೂನ್ 13ರಂದು ವೇಗಸ್ 9-3ರಿಂದ ಪಂದ್ಯ ಗೆದ್ದು ಸ್ಟ್ಯಾನ್ಲಿ ಕಪ್ ಎತ್ತಿತು. ಎದುರಾಳಿ ಫ್ಲೋರಿಡಾ ಪ್ಯಾಂಥರ್ಸ್. ಪ್ಲೇಆಫ್‌ನ ಶ್ರೇಷ್ಠ ಆಟಗಾರ ಮಾರ್ಷೆಸೊ. ಮೊದಲ ವರ್ಷದವರಲ್ಲಿ ಆರು ಜನ ಮಾತ್ರ ಉಳಿದಿದ್ದರು. ಕೆಲವೇ ದಿನಗಳಲ್ಲಿ ಸ್ಮಿತ್‌ನನ್ನೂ ಪಿಟ್ಸ್‌ಬರ್ಗ್‌ಗೆ ಕಳಿಸಿದರು. ಮಾರ್ಷೆಸೊ 42 ಗೋಲು ಹೊಡೆದ 2023-24ರ ಸೀಸನ್ ಮುಗಿದ ಮೇಲೆ ನ್ಯಾಶ್‌ವಿಲ್‌ಗೆ ಹೋದ. ಸ್ಮಿತ್ ಮಾತ್ರ ಎರಡು ತಂಡ ಸುತ್ತಿ 2025ರ ಮಾರ್ಚ್‌ನಲ್ಲಿ ವೇಗಸ್‌ಗೇ ವಾಪಸ್ ಬಂದ.

ನನ್ನ ಮಾತು ಇಷ್ಟು. ಡ್ರಾಫ್ಟ್ ಹಕ್ಕುಗಳ ಲೆಕ್ಕ ಸ್ವಲ್ಪ ಗೋಜಲು, ಬೇಗ ಬೇಗ ಹೇಳಿಬಿಟ್ಟೆ. ಅದರ ಬಗ್ಗೆ ಕೇಳಬೇಕಿದ್ದರೆ ಈಗ ಕೇಳಿ.